ಮುಂದಿನ ಪ್ರಶ್ನೆ ಏನು? ಮಾತಿನ ಚಿಕಿತ್ಸೆಗಳ ಬಗ್ಗೆ ನನ್ನ ಟಿಪ್ಪಣಿ

ವಿಜಯಪುರದಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ ಸ್ನಾತಕೋತ್ತರ) ಓದುವಾಗ ಈ ಪಾಠ ನನಗೆ ದೊಡ್ಡ ತಲೆನೋವಾಗಿತ್ತು. ಹೆಸರು, ಇಸವಿ, ಹಂತ ಎಲ್ಲಾ ಬಾಯಿಪಾಠ. ಒಂದಕ್ಕೂ ಇನ್ನೊಂದಕ್ಕೂ ಫರಕು ಏನು ಅಂತ ಕೇಳಿದರೆ ಮಾತ್ರ ತಡವರಿಸುತ್ತಿದ್ದೆ. ಆಮೇಲೆ ಒಂದು ಉಪಾಯ ಹೊಳೆಯಿತು. ಚಿಕಿತ್ಸೆಗೆ ಬಂದವರ ಒಂದೇ ಮಾತು ಹಿಡಿದುಕೊಳ್ಳಿ. ಅದನ್ನು ಕೇಳಿದ ಚಿಕಿತ್ಸಕರು ಮುಂದೆ ಏನು ಕೇಳುತ್ತಾರೆ ನೋಡಿ. ಫರಕು ಅಲ್ಲೇ ಸಿಗುತ್ತದೆ.

ಇದು ನಾನೇ ಕಟ್ಟಿಕೊಂಡ ಉದಾಹರಣೆ. ತಿಕೋಟಾ ಕಡೆಯ ಒಂದು ದ್ರಾಕ್ಷಿ ತೋಟದ ಮನೆ. ಅಲ್ಲಿನ ಸೊಸೆ ಬಂದು ಕೂತು ಹೇಳುತ್ತಾಳೆ: "ನಮ್ಮ ಮನ್ಯಾಗ ನನ್ನ ಮಾತು ಯಾರೂ ಕೇಳಂಗಿಲ್ರಿ."

ಮನೋವಿಶ್ಲೇಷಣೆ ಶುರು ಮಾಡಿದ ಫ್ರಾಯ್ಡ್ ಅವರ ದಾರಿಯವರು ಅವಸರ ಮಾಡುವುದಿಲ್ಲ. ಮನಸ್ಸಿಗೆ ಬಂದದ್ದನ್ನೆಲ್ಲಾ ಹೇಳಲು ಬಿಡುತ್ತಾರೆ. ಮಾತು ತಾನಾಗಿಯೇ ತವರಿಗೆ, ಅಪ್ಪನ ಮನೆಯ ಹಳೆಯ ನೋವಿಗೆ ಹೋಗುತ್ತದೆ. ಕೆಲವು ವಾರದ ನಂತರ "ನೀವೂ ನನ್ನ ಮಾತು ಕೇಳವಲ್ರಿ" ಅಂತ ಚಿಕಿತ್ಸಕರ ಮೇಲೇ ಸಿಟ್ಟಾಗಬಹುದು. ಹಳೆಯ ಭಾವನೆ ಹೊಸ ಮನುಷ್ಯನ ಮೇಲೆ ಬಂದು ಕೂತಿದೆ. ಇದೇ ಟ್ರಾನ್ಸ್‌ಫರೆನ್ಸ್. 'ಮಾತಿನ ಚಿಕಿತ್ಸೆ' ಅನ್ನುವ ಹೆಸರು ಕೊಟ್ಟದ್ದು ಫ್ರಾಯ್ಡ್ ಅಲ್ಲ, ನೆನಪಿರಲಿ. ಅದು ವಿಯೆನ್ನಾದ ವೈದ್ಯ ಬ್ರಾಯರ್ ಅವರ ರೋಗಿಯೊಬ್ಬಳ ಮಾತು. 1895ರಲ್ಲಿ ಬ್ರಾಯರ್ ಮತ್ತು ಫ್ರಾಯ್ಡ್ ಸೇರಿ ತಂದ ಪುಸ್ತಕದಲ್ಲಿ ಅವಳ ಕಥೆ ಇದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಹತ್ತಿರ ನಾವೆಲ್ಲ ಎಡವುತ್ತೇವೆ. 'ಪ್ರತಿಫಲಿಸುವುದು' ಅಂತ ಓದಿದ ಕೂಡಲೇ, ಹೇಳಿದ್ದನ್ನೇ ತಿರುಗಿ ಹೇಳುವುದು ಅಂದುಕೊಳ್ಳುತ್ತೇವೆ. "ನಿಮ್ಮ ಮಾತು ಯಾರೂ ಕೇಳಂಗಿಲ್ಲ ಅಂತೀರಿ." ಇದು ಗೋಳಗುಮ್ಮಟದ ಕೆಲಸ, ಅಲ್ವಾ? ಅಲ್ಲಿ ಒಮ್ಮೆ ಕೂಗಿದರೆ ಏಳು ಸಲ ವಾಪಸ್ ಬರುತ್ತದೆ. ಆದರೆ ಗುಮ್ಮಟಕ್ಕೆ ಏನೂ ತಿಳಿದಿರುವುದಿಲ್ಲ. ರೋಜರ್ಸ್ ದಾರಿಯಲ್ಲಿ ಮಾತಿನ ಕೆಳಗೆ ಇರುವುದನ್ನು ಮುಟ್ಟಬೇಕು: "ಇಷ್ಟು ಮಂದಿ ಇದ್ದ ಮನ್ಯಾಗ ಒಬ್ಬಾಕೀನ ಆಗೀನಿ ಅನಸ್ತದೇನ್ರಿ?" ತಪ್ಪಾಗಿದ್ದರೆ ಅವಳೇ ತಿದ್ದುತ್ತಾಳೆ: "ಒಬ್ಬಾಕಿ ಅಂತಲ್ರಿ, ಸಿಟ್ಟು ಬರ್ತದ." ತಿದ್ದಿದಳು ಅಂದರೆ ಕೆಲಸ ಸಾಗಿತು ಅಂತಲೇ ಅರ್ಥ. 1957ರ ಲೇಖನದಲ್ಲಿ ರೋಜರ್ಸ್, ಚಿಕಿತ್ಸೆಯಿಂದ ಬದಲಾವಣೆ ಆಗಬೇಕಾದರೆ ಬೇಕಾದ ಆರು ಷರತ್ತು ಬರೆದರು. ಚಿಕಿತ್ಸಕರಿಗೆ ಸೇರಿದ್ದು ಅದರಲ್ಲಿ ಮೂರು: ಅನುಭೂತಿ, ಷರತ್ತಿಲ್ಲದ ಗೌರವ, ಸೋಗಿಲ್ಲದ ನಡೆ. ಪರೀಕ್ಷೆಗೆ ಜಾಸ್ತಿ ಬರುವುದು ಈ ಮೂರೇ.

ಮನೋವೈದ್ಯ ಆರನ್ ಬೆಕ್ ಮೊದಲು ಮನೋವಿಶ್ಲೇಷಣೆ ಕಲಿತವರು. 1960ರ ದಶಕದಲ್ಲಿ ಫಿಲಡೆಲ್ಫಿಯಾದಲ್ಲಿ ಖಿನ್ನತೆಯ ರೋಗಿಗಳನ್ನು ನೋಡುತ್ತಾ ದಾರಿ ಬದಲಿಸಿದರು. ಅವರ ದಾರಿ ಈಗಿನ ಸಿಬಿಟಿಯ, ಅಂದರೆ ಯೋಚನೆ ಮತ್ತು ನಡವಳಿಕೆಯ ಮೇಲೆ ಕೆಲಸ ಮಾಡುವ ಚಿಕಿತ್ಸೆಯ, ಬುನಾದಿ. ಸಿಬಿಟಿ ನಮ್ಮ ಸೊಸೆಯ ಮಾತಿನಲ್ಲಿ 'ಯಾರೂ' ಅನ್ನುವ ಪದ ಹಿಡಿಯುತ್ತದೆ. ಯಾರೂ ಅಂದರೆ ಯಾರು? ಹೋದ ವಾರ ಏನಾಯಿತು? ಆಗ ಥಟ್ಟನೆ ಏನು ಯೋಚನೆ ಬಂತು? ಅದಕ್ಕೆ ಪುರಾವೆ ಏನು, ವಿರುದ್ಧ ಪುರಾವೆ ಏನು? ಇದನ್ನೆಲ್ಲಾ ಮನೆಯಿಂದ ಬರೆದುಕೊಂಡು ಬರಲು ಹೇಳುತ್ತಾರೆ. ಇದನ್ನು 'ಪಾಸಿಟಿವ್ ಥಿಂಕಿಂಗ್' ಅಂತ ಬರೆಯಬೇಡಿ. ಪುರಾವೆ ನೋಡಿದ ಮೇಲೆ, ಆ ಮನೆಯಲ್ಲಿ ನಿಜವಾಗಿಯೂ ಯಾರೂ ಕೇಳುವುದಿಲ್ಲ ಅಂತಲೇ ಗೊತ್ತಾಗಬಹುದು. ಆಗ ತಿದ್ದಬೇಕಾದದ್ದು ಯೋಚನೆಯಲ್ಲ.

ಅಮೆರಿಕದ ಮಿಲ್‌ವಾಕಿಯ ಚಿಕಿತ್ಸಕರಾದ ಸ್ಟೀವ್ ಡಿ ಶೇಜರ್, ಇನ್ಸೂ ಕಿಮ್ ಬರ್ಗ್ ದಂಪತಿ ಪರಿಹಾರದ ಕಡೆಯಿಂದ ಶುರು ಮಾಡಿದರು. ಅವರ 'ಪವಾಡದ ಪ್ರಶ್ನೆ' ಹೆಸರುವಾಸಿ. ಆದರೆ ಪವಾಡ ಅಂದರೆ ನಮ್ಮ ಕಡೆ ಜನ ಸಾಧು-ಸಂತರನ್ನು ನೆನೆದು "ಯಾವ ಮುತ್ಯಾಂದು?" ಅಂತಾರೆ! ಸುಮ್ನೆ ಹೀಗೆ ಕೇಳಿ: "ನಾಳಿ ಮುಂಜಾನೆ ಎದ್ದಾಗ ಈ ತ್ರಾಸ ಇಲ್ಲ ಅಂದ್ರ, ಮೊದಲು ಏನು ಬ್ಯಾರೆ ಕಾಣ್ತದ?"

ಈಗ ಗಂಡನೂ ಬಂದ. ಅವನ ಮಾತು: "ಮನಿಗೆ ಬಂದ್ರ ಸಾಕು, ಸುರು ಮಾಡ್ತಾಳ್ರಿ. ಅದಕ್ಕ ಎದ್ದು ಕಟ್ಟಿಗೆ ಹೋಗಿ ಕುಂದರ್ತೀನಿ."

ಇಂಥ ಜಗಳ ನಮ್ಮಲ್ಲಿ ಹಿರಿಯರ ಮುಂದೆ ಹೋಗುತ್ತದೆ. ತಪ್ಪು ಯಾರದು ಅಂತ ಅವರು ಹೇಳಿ, ರಾಜಿ ಮಾಡಿಸಿ ಕಳಿಸುತ್ತಾರೆ. ತರಗತಿಯ ಅಭ್ಯಾಸದಲ್ಲಿ ನಾನೂ ಐದೇ ನಿಮಿಷಕ್ಕೆ ಅದನ್ನೇ ಮಾಡಿದೆ. ಗಂಡನ ಪಾತ್ರದ ಗೆಳೆಯ "ಅಂದ್ರ ತಪ್ಪು ನಂದ ಅಂದಂಗಾತು" ಅಂತ ಎದ್ದೇ ಹೋದ. ನಾನು ನ್ಯಾಯ ಹೇಳಿದ್ದೆ, ಚಿಕಿತ್ಸೆ ಮಾಡಿರಲಿಲ್ಲ.

ಸ್ಯೂ ಜಾನ್ಸನ್ ಮತ್ತು ಲೆಸ್ ಗ್ರೀನ್‌ಬರ್ಗ್ 1980ರ ದಶಕದಲ್ಲಿ ಕೆನಡಾದಲ್ಲಿ ಇಎಫ್‌ಟಿ, ಅಂದರೆ ಭಾವನೆಯನ್ನು ಕೇಂದ್ರವಾಗಿಟ್ಟ ಜೋಡಿ ಚಿಕಿತ್ಸೆ, ಕಟ್ಟಿದರು. ಅವರ ಪ್ರಕಾರ ಶತ್ರು ಗಂಡನೂ ಅಲ್ಲ, ಹೆಂಡತಿಯೂ ಅಲ್ಲ, ಇಬ್ಬರೂ ಸಿಕ್ಕಿಕೊಂಡ ಗಾಣ. ಅವಳು ದನಿ ಏರಿಸುತ್ತಾಳೆ, ಅವನು ಎದ್ದು ಹೋಗುತ್ತಾನೆ. ಅವನು ಹೋದಷ್ಟೂ ಅವಳ ದನಿ ಏರುತ್ತದೆ. ಅವಳ ಸಿಟ್ಟಿನ ಕೆಳಗೆ "ನಾ ನಿಮಗ ಬೇಕೋ ಬ್ಯಾಡೋ" ಅನ್ನುವ ಅಂಜಿಕೆ. ಅವನ ಮೌನದ ಕೆಳಗೆ "ಏನ್ ಮಾಡಿದ್ರೂ ನಾ ಕಡಿಮೀನ" ಅನ್ನುವ ನೋವು. ಇವನ್ನು ಒಬ್ಬರಿಗೊಬ್ಬರು ನೇರವಾಗಿ ಹೇಳುವಂತೆ ಮಾಡುವುದೇ ಕೆಲಸ. ಇದರ ಬೇರು ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿಯ ಬಾಂಧವ್ಯದ (ಅಟ್ಯಾಚ್‌ಮೆಂಟ್) ಸಿದ್ಧಾಂತದಲ್ಲಿದೆ.

ಸಿಯಾಟಲ್‌ನ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಜೋಡಿಗಳನ್ನು ಪ್ರಯೋಗಾಲಯದಲ್ಲಿ ಕೂರಿಸಿ, ವಿಡಿಯೋ ಮಾಡಿ, ನಾಡಿ ಅಳೆದರು. ಕೆಡಿಸುವ ನಾಲ್ಕು ಚಟ ಗುರುತಿಸಿದರು: ದೂಷಣೆ, ತಿರಸ್ಕಾರ, ಸಮರ್ಥನೆ, ಗೋಡೆಯಾಗುವುದು. ಎಲ್ಲಕ್ಕಿಂತ ಕೆಟ್ಟದ್ದು ತಿರಸ್ಕಾರ. "ಹ್ಞಾಂ, ನೀ ಭಾಳ ಶ್ಯಾಣ್ಯಾಕಿ" ಅಂತ ಅಣಕಿಸುವುದು ಇದೇ. ನನಗೆ ಹಿಡಿಸಿದ್ದು ಗೋಡೆಯ ವಿಷಯ. ಸುಮ್ಮನೆ ಕೂತವನ ನಾಡಿ 100 ದಾಟಿರಬಹುದು. ಆಗ ಅವನ ತಲೆಗೆ ಮಾತು ಹೋಗುವುದೇ ಇಲ್ಲ. ಕಡಿಮೆ ಅಂದರೂ 20 ನಿಮಿಷದ ವಿರಾಮ ಬೇಕು. ಹಾಗಾದರೆ ಕಟ್ಟೆಗೆ ಹೋಗುವುದೇ ತಪ್ಪಲ್ಲ. ಹೇಳದೆ ಹೋದರೆ ಗೋಡೆ. "ಅರ್ಧ ತಾಸು ಬಿಟ್ಟು ಬರ್ತೀನಿ" ಅಂತ ಹೇಳಿ, ಹೇಳಿದಂತೆ ಬಂದರೆ ವಿರಾಮ.

ನಮ್ಮಲ್ಲಿ ಜೋಡಿ ಅಂತ ಕರೆದರೆ ಮೂವರು ಬರುತ್ತಾರೆ, ಅತ್ತೆಯೋ ಸೋದರಮಾವನೋ ಜೊತೆಗಿರುತ್ತಾರೆ. ಅದಕ್ಕೆ ಕುಟುಂಬ ಚಿಕಿತ್ಸೆಯ ಮರ್ರೇ ಬೋವೆನ್ ಅವರ 'ತ್ರಿಕೋನ' ಓದಿ. ಇಬ್ಬರ ನಡುವೆ ಬಿಸಿ ಏರಿದಾಗ ಮೂರನೆಯವರನ್ನು ಎಳೆದುಕೊಳ್ಳುತ್ತಾರೆ. ಎಚ್ಚರ ತಪ್ಪಿದರೆ ಆ ಮೂರನೆಯವರು ನೀವೇ ಆಗುತ್ತೀರಿ.

ಹೊಡೆತ, ಬೆದರಿಕೆ ಇರುವ ಮನೆಯವರನ್ನು ಒಟ್ಟಿಗೆ ಕೂರಿಸಬಾರದು. ಅದಕ್ಕೇ ಶುರುವಿನಲ್ಲೇ ಇಬ್ಬರನ್ನೂ ಬೇರೆ ಬೇರೆಯಾಗಿ ಮಾತಾಡಿಸಿ. ಗಂಡನ ಎದುರು ಕೇಳಿದರೆ "ಇಲ್ರಿ, ಹಂಗೇನಿಲ್ಲ" ಅಂತಲೇ ಬರುತ್ತದೆ. ಸಂಜೆ ಅವಳು ಅದೇ ಮನೆಗೆ ಹೋಗಬೇಕಲ್ಲ. ಟಿಪ್ಪಣಿಯ ಅಂಚಿನಲ್ಲಿ ಎರಡು ನಂಬರ್ ಬರೆದುಕೊಳ್ಳಿ: ಮಹಿಳಾ ಸಹಾಯವಾಣಿ 181, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416.