ಪುಣೆಯ ಸೈಕಲ್ ದಾರಿ: ಕೇಳಬೇಕಾದವರನ್ನು ಕೇಳಿದರೇ?

ನಮ್ಮ ಓಣಿಯ ಉಡುಪಿ ಹೋಟೆಲಿಗೆ ಕುಂದಾಪುರದ ಹುಡುಗನೊಬ್ಬ ಬೆಳಗಿನ ಜಾವ 5 ಗಂಟೆಗೇ ಸೈಕಲ್ ತುಳಿದು ಬರುತ್ತಾನೆ. ದಾರಿಯುದ್ದಕ್ಕೂ ಸೈಕಲ್ ಟ್ರ್ಯಾಕ್ ಇದೆ. ಆದರೂ ಬಸ್ಸುಗಳ ಪಕ್ಕದಲ್ಲೇ ಬರುತ್ತಾನೆ. ಯಾಕಪ್ಪಾ ಅಂತ ಕೇಳಿದೆ. "ಅಣ್ಣ, ನಡುವೆ ಕರೆಂಟ್ ಡಬ್ಬ. ಇಳಿದು ಸೈಕಲ್ ಎತ್ತಬೇಕು. ಚೌಕ ಬಂತು ಅಂದ್ರೆ ಟ್ರ್ಯಾಕೇ ಇಲ್ಲ" ಎಂದ. ಹೋಗಿ ನೋಡಿದೆ. ಟ್ರ್ಯಾಕ್ ಮುಗಿಯುವಲ್ಲಿ ಗೇಣುದ್ದದ ಮೆಟ್ಟಿಲು, ಇಳಿಜಾರೇ ಇಲ್ಲ.

ಒಂದು ಕಾಲಕ್ಕೆ ಪುಣೆ ಅಂದರೆ ಸೈಕಲ್ ಊರು. ಪೇಠಗಳಿಂದ, ಅಂದರೆ ಹಳೇ ಊರಿನ ಕೇರಿಗಳಿಂದ, ಕಾಲೇಜಿಗೆ, ಖಡಕಿಯ ಕಾರ್ಖಾನೆಗಳಿಗೆ ಜನ ತುಳಿದುಕೊಂಡೇ ಹೋಗುತ್ತಿದ್ದರು. ಆಮೇಲೆ ಊರು ಬೆಳೆಯಿತು, ಸ್ಕೂಟರ್ ಬಂತು.

2006ರಲ್ಲಿ ಕೇಂದ್ರದ ನಗರ ಸಾರಿಗೆ ನೀತಿ ಬಂತು. ವಾಹನಕ್ಕಲ್ಲ, ಮನುಷ್ಯರ ಓಡಾಟಕ್ಕೆ ರಸ್ತೆ ಮಾಡಿ ಎಂದಿತು. ಅದೇ ಡಿಸೆಂಬರ್‌ನಲ್ಲಿ ಪುಣೆಯ ಸ್ವಾರಗೇಟ್–ಕಾತ್ರಜ್ ಕಡೆ, ಬಸ್ಸಿಗೇ ಮೀಸಲಿಟ್ಟ ದಾರಿಯಲ್ಲಿ, ಬಿಆರ್‌ಟಿ ಬಸ್ ಓಡಿತು. ಇಂಥ ರಸ್ತೆಗಳ ಬದಿಯಲ್ಲಿ ಸೈಕಲ್ ಟ್ರ್ಯಾಕ್‌ಗಳೂ ಬಂದವು. ರಸ್ತೆ ಅಗಲ ಇದ್ದಲ್ಲಿ ಟ್ರ್ಯಾಕ್, ಕಿರಿದಾದಲ್ಲಿ ಇಲ್ಲ. ಸೈಕಲ್ ಸವಾರನಿಗೆ ಟ್ರ್ಯಾಕ್ ಜಾಸ್ತಿ ಬೇಕಾಗುವುದೇ ಕಿರಿದಾದಲ್ಲಿ, ಅಲ್ವಾ?

ಪುಣೆ ಪಾಲಿಕೆಯ 2017ರ ಸೈಕಲ್ ಯೋಜನೆ ಈ ತಪ್ಪನ್ನು ತಿದ್ದಲು ಹೊರಟಿತ್ತು. ತುಂಡು ತುಂಡು ಟ್ರ್ಯಾಕ್ ಬೇಡ, ಒಂದಕ್ಕೊಂದು ಕೂಡಿದ 824 ಕಿಲೋಮೀಟರ್ ಜಾಲ ಬೇಕು ಎಂದಿತು. ಕರಡನ್ನು ಜನರ ಮುಂದಿಟ್ಟು 'ಹರಕತಿ-ಸೂಚನಾ', ಅಂದರೆ ಆಕ್ಷೇಪಣೆ, ಸಲಹೆ ಕೇಳಿದರು. ಇದು ಸಣ್ಣ ಮಾತಲ್ಲ. ಡಿಸೆಂಬರ್‌ನಲ್ಲಿ ಪಾಲಿಕೆಯ ಒಪ್ಪಿಗೆಯೂ ಸಿಕ್ಕಿತು. ಅದೇ ತಿಂಗಳು ಬಾಡಿಗೆ ಸೈಕಲ್‌ಗಳೂ ಬಂದವು, ಬಹಳ ದಿನ ಉಳಿಯಲಿಲ್ಲ.

ನನ್ನ ಕೊರಗು ಬೇರೆ. ನಕ್ಷೆ ಬರೆಯುವಾಗ ಕೇಳುತ್ತಾರೆ. ಕಲ್ಲು ಹಾಸುವಾಗ ಕೇಳುವುದಿಲ್ಲ. ಡಬ್ಬ ಎಲ್ಲಿ, ಇಳಿಜಾರು ಎಲ್ಲಿ ಅನ್ನುವುದು ತೀರ್ಮಾನವಾಗುವುದು ಆಗಲೇ. ಇನ್ನು ಸಭೆ ಇಡುವುದು ಹಗಲು ಹೊತ್ತಲ್ಲಿ. ಆಗ ಹೋಟೆಲ್ ಹುಡುಗ ಹಿಟ್ಟು ರುಬ್ಬುತ್ತಿರುತ್ತಾನೆ, ಮನೆಕೆಲಸದ ಅಕ್ಕ ಮೂರನೇ ಮನೆಯಲ್ಲಿರುತ್ತಾಳೆ. ಶೋಕಿಗಲ್ಲ, ಹೊಟ್ಟೆಪಾಡಿಗೆ ಸೈಕಲ್ ತುಳಿಯುವವರು ಇವರು. ವಾರ್ಡಿನ ಕೆಲಸಕ್ಕೆ ಪಾಲಿಕೆಯ ಬಜೆಟ್‌ನಲ್ಲಿ ನಾವೇ ಸಲಹೆ ಕೊಡುವ ಪದ್ಧತಿ ಪುಣೆಯಲ್ಲಿ 2006ರಿಂದಲೂ ಇದೆ. ಅದಕ್ಕೆ ಅರ್ಜಿ ಬರೆಯಲು ಕುಳಿತಾಗ ಹುಡುಗನನ್ನೇ ಚೌಕಕ್ಕೆ ಕರೆದುಕೊಂಡು ಹೋದೆ. ಮೆಟ್ಟಿಲ ಎಡಕ್ಕೆ ಎರಡು ಮಾರು ದೂರ ಕಾಲಲ್ಲಿ ಗೆರೆ ಎಳೆದು ತೋರಿಸಿದ: "ಇಲ್ಲಿ ಇಳಿಜಾರು ಮಾಡಿದ್ರೆ ಸಾಕಣ್ಣ, ಬಸ್ಸಿನ ಚಕ್ರದಡಿ ಹೋಗೋದು ತಪ್ಪುತ್ತೆ."