ಶೀಟ್ ಲಿಂಕ್ ಮಾಡುವುದು ಅಂದರೆ ಯಾವುದು, ಯಾವುದಲ್ಲ

“ಎರಡೂ ಶೀಟ್ ಲಿಂಕ್ ಮಾಡಿದ್ದೇನೆ, ನೋಡಿ” ಅಂತ ಮತ್ತೊಂದು ಎಕ್ಸೆಲ್ ಫೈಲ್ ಬಂತು. ಎರಡನೇ ಶೀಟ್‌ನ ಸೆಲ್ ಮೇಲೆ ಕ್ಲಿಕ್ ಮಾಡಿದರೆ ಫಾರ್ಮುಲಾ ಬಾರ್‌ನಲ್ಲಿ ಬರೀ 4250. ಮುಂದೆ ಸಮ ಚಿಹ್ನೆ ಕೂಡ ಇಲ್ಲ. ಇದು ಕಾಪಿ-ಪೇಸ್ಟ್. ಮೂಲದಲ್ಲಿ ಅಂಕಿ ನಾಳೆ 4300 ಆದರೂ ಇಲ್ಲಿ 4250 ಹಾಗೇ ಕೂತಿರುತ್ತದೆ. ಇದನ್ನು ಲಿಂಕ್ ಅಂತ ಕರೆಯುವುದು ಯಾಕೋ ತುಂಬಾ ಜಾಸ್ತಿಯಾಗಿದೆ.

ಕಂಟ್ರೋಲ್-ಕೆ ಒತ್ತಿ ಹಾಕುವ ನೀಲಿ ಅಕ್ಷರವೂ ಈ ಲಿಂಕ್ ಅಲ್ಲ. ಅದು ಹೈಪರ್‌ಲಿಂಕ್. ನಿಮ್ಮನ್ನು ಇನ್ನೊಂದು ಶೀಟ್‌ಗೆ ಕರೆದುಕೊಂಡು ಹೋಗುತ್ತದೆ, ಅಲ್ಲಿಂದ ಏನನ್ನೂ ಇಲ್ಲಿಗೆ ತರುವುದಿಲ್ಲ.

ಡೇಟಾ ಲಿಂಕ್ ಅಂದರೆ ಒಂದು ಫಾರ್ಮುಲಾ: ಸಮ ಚಿಹ್ನೆ, ಶೀಟ್‌ನ ಹೆಸರು, ಆಶ್ಚರ್ಯಸೂಚಕ ಚಿಹ್ನೆ, ಸೆಲ್‌ನ ವಿಳಾಸ. ಎಕ್ಸೆಲ್‌ನಂಥದ್ದೇ ಆದ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಆಶ್ಚರ್ಯಸೂಚಕದ ಜಾಗದಲ್ಲಿ ಚುಕ್ಕೆ. ಇದನ್ನು ಟೈಪ್ ಮಾಡುತ್ತಾ ಕೂರಬೇಕಿಲ್ಲ. ಸಮ ಚಿಹ್ನೆ ಒತ್ತಿ, ಆ ಶೀಟ್‌ಗೆ ಹೋಗಿ, ಸೆಲ್ ಮೇಲೆ ಕ್ಲಿಕ್ ಮಾಡಿ, ಅಲ್ಲಿಂದಲೇ ಎಂಟರ್ ಒತ್ತಿ. ಎಂಟರ್‌ಗೆ ಮೊದಲು ಹಳೇ ಶೀಟ್‌ಗೆ ವಾಪಸ್ ಕ್ಲಿಕ್ ಮಾಡಿದರೆ ಎಕ್ಸೆಲ್ ಫಾರ್ಮುಲಾದೊಳಗಿನ ಶೀಟ್ ಹೆಸರನ್ನೇ ಬದಲಿಸಿಬಿಡುತ್ತದೆ. “ಲಿಂಕ್ ಆಗ್ತಾನೇ ಇಲ್ಲ” ಅನ್ನುವ ಗೋಳಿಗೆ ಎಷ್ಟೋ ಸಲ ಇದೇ ಕಾರಣ.

ಲಿಂಕ್ ಒಂದೇ ದಿಕ್ಕಿನದು. ಮೂಲದಲ್ಲಿ ತಿದ್ದಿದರೆ ಇಲ್ಲಿ ಬದಲಾಗುತ್ತದೆ. ಇಲ್ಲಿ ತಿದ್ದಿದರೆ ಫಾರ್ಮುಲಾ ಅಳಿಸಿಹೋಗಿ ಲಿಂಕ್ ಸತ್ತುಹೋಗುತ್ತದೆ, ಅದೂ ಸದ್ದಿಲ್ಲದೆ. ಬರುವುದು ಸೆಲ್‌ನ ಬೆಲೆ, ಅಂದರೆ ಒಳಗಿರುವ ಅಂಕಿ ಅಥವಾ ಅಕ್ಷರ ಮಾತ್ರ. ಮೂಲದ ಬಣ್ಣ, ದಪ್ಪ ಅಕ್ಷರ, ಕಾಮೆಂಟ್ ಯಾವುದೂ ಬರುವುದಿಲ್ಲ. ಮೂಲ ಖಾಲಿ ಇದ್ದರೆ ಎಕ್ಸೆಲ್‌ನಲ್ಲಿ ಇಲ್ಲಿ 0 ಕಾಣುತ್ತದೆ.

ಇನ್ನು ದೊಡ್ಡ ಗೊಂದಲ. ಲಿಂಕ್ ಹಿಡಿದುಕೊಂಡಿರುವುದು ಸೆಲ್ ಅನ್ನು, ಅದರೊಳಗಿನ ವಿಷಯವನ್ನಲ್ಲ. ದಾಸ್ತಾನು ಶೀಟ್‌ನ ಬಿ5ರಲ್ಲಿ ಪೆನ್ನಿನ ಸಂಖ್ಯೆ 120 ಇದೆ ಅಂದುಕೊಳ್ಳಿ. ವರದಿ ಶೀಟ್‌ನಲ್ಲಿ ನೀವು “ಪೆನ್ನು” ಅಂತ ಕೈಯಲ್ಲೇ ಬರೆದು, ಪಕ್ಕದಲ್ಲಿ ಬಿ5ಕ್ಕೆ ಲಿಂಕ್ ಕೊಟ್ಟಿದ್ದೀರಿ. ಯಾರೋ ಬಂದು ದಾಸ್ತಾನನ್ನು ಸಾರ್ಟ್ ಮಾಡುತ್ತಾರೆ. ಈಗ ಬಿ5ರಲ್ಲಿ ನೋಟ್‌ಬುಕ್‌ನ 45 ಬಂದು ಕೂತಿದೆ. ವರದಿ “ಪೆನ್ನು 45” ಅನ್ನುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಎಕ್ಸೆಲ್ ತಪ್ಪು ಲೆಕ್ಕ ಮಾಡಿತು ಅಂತ ದೂರು ಬೇರೆ. ಅದು ತಪ್ಪು ಮಾಡಿಲ್ಲ. ಬಿ5 ಕೇಳಿದ್ರಿ, ಬಿ5 ಕೊಟ್ಟಿದೆ.

“ಆದರೆ ಮೇಲೆ ಒಂದು ಸಾಲು ಸೇರಿಸಿದಾಗ ಲಿಂಕ್ ತಾನಾಗಿ ಬಿ6ಕ್ಕೆ ಹೋಯಿತಲ್ಲ?” ಹೌದು, ಹೋಗುತ್ತದೆ. ಜನ ಮೋಸಹೋಗುವುದು ಇಲ್ಲೇ. ಸಾಲು ಸೇರಿಸಿದಾಗ ಸೆಲ್ಲೇ ಕೆಳಕ್ಕೆ ಸರಿಯುತ್ತದೆ, ಲಿಂಕ್ ಅದರ ಹಿಂದೆ ಹೋಗುತ್ತದೆ. ಸಾರ್ಟ್ ಮಾಡಿದಾಗ ಸೆಲ್‌ಗಳು ಅಲ್ಲಲ್ಲೇ ಇರುತ್ತವೆ, ಒಳಗಿನ ಸರಕು ಮಾತ್ರ ಅದಲುಬದಲಾಗುತ್ತದೆ. ಮನೆ ಅದೇ, ಬಾಡಿಗೆಯವರು ಬೇರೆ. ಮೂಲದ ಸೆಲ್ಲನ್ನು ಕಟ್ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿದರೆ ಲಿಂಕ್ ಜೊತೆಗೇ ಹೋಗುತ್ತದೆ. ಕಾಪಿ ಮಾಡಿದರೆ ಹೋಗುವುದಿಲ್ಲ. ಸಾಲನ್ನೇ ಡಿಲೀಟ್ ಮಾಡಿದರೆ #ರೆಫ್! ಕಾಣುತ್ತದೆ. ನನ್ನ ಮಟ್ಟಿಗೆ ಸಾರ್ಟ್‌ಗಿಂತ ಈ ಎರರ್ರೇ ವಾಸಿ, ಕಣ್ಣಿಗಾದರೂ ಬೀಳುತ್ತದೆ.

ಪೆನ್ನು ಎಲ್ಲೇ ಇರಲಿ, ಅದರ ಸಂಖ್ಯೆ ಬೇಕು ಅನ್ನುವುದಾದರೆ ನಿಮಗೆ ಬೇಕಿರುವುದು ಹುಡುಕಾಟ. ಅದಕ್ಕೆ ವಿಲುಕಪ್ ಅಥವಾ ಎಕ್ಸ್‌ಲುಕಪ್ ಅನ್ನುವ ಫಂಕ್ಷನ್ ಇದೆ. ಇದನ್ನೂ ಲಿಂಕ್ ಅನ್ನುವವರ ಜೊತೆ ನಾನು ಜಗಳಕ್ಕೆ ಹೋಗುವುದಿಲ್ಲ. ಆದರೆ ವಿಲುಕಪ್‌ನ ನಾಲ್ಕನೇ ಜಾಗದಲ್ಲಿ ಫಾಲ್ಸ್ ಹಾಕುವುದನ್ನು ಮರೆಯಬೇಡಿ. ಬಿಟ್ಟರೆ ಅದು ಅಂದಾಜಿನ ಹೊಂದಿಕೆ ಹುಡುಕಿ ಇನ್ಯಾವುದೋ ಸಾಲಿನ ಅಂಕಿ ತಂದುಕೊಡಬಹುದು.

ಗೂಗಲ್ ಶೀಟ್ಸ್‌ನಲ್ಲಿ ಬೇರೆ ಫೈಲ್‌ನಿಂದ ತರುವ ಇಂಪೋರ್ಟ್‌ರೇಂಜ್ ಇನ್ನೂ ಒಂದು ಹೆಜ್ಜೆ ಮುಂದೆ. ಮೊದಲ ಸಲ ಅನುಮತಿ ಕೇಳುತ್ತದೆ, ಸರಿ. ಆದರೆ ಅದರಲ್ಲಿ ಶೀಟ್‌ನ ಹೆಸರು, ಸೆಲ್‌ಗಳ ವಿಳಾಸ ಎರಡೂ ಕೋಟ್ ಗುರುತಿನೊಳಗೆ ಸುಮ್ನೆ ಅಕ್ಷರಗಳಾಗಿ ಇರುತ್ತವೆ. ಹಾಗಾಗಿ ಮೂಲದಲ್ಲಿ ಸಾಲು ಸೇರಿಸಿದರೂ ಅದು ಸರಿಯುವುದಿಲ್ಲ. ಶೀಟ್‌ನ ಹೆಸರು ಬದಲಿಸಿದರೆ ಕೆಟ್ಟೇ ಹೋಗುತ್ತದೆ. ಅಕ್ಷರವನ್ನೇ ಸೆಲ್‌ನ ವಿಳಾಸವಾಗಿ ಓದುವ ಇಂಡೈರೆಕ್ಟ್ ಫಂಕ್ಷನ್ ಬಳಸಿ ಹೆಸರನ್ನು ಹೀಗೆ ಅಕ್ಷರವಾಗಿ ಕೊಟ್ಟರೂ ಇದೇ ಕಥೆ.

ಗೊಂದಲಕ್ಕೆ ಎಕ್ಸೆಲ್‌ನ ಕೊಡುಗೆಯೂ ಇದೆ. ಒಂದೇ ಫೈಲ್‌ನ ಶೀಟ್‌ಗಳ ನಡುವೆ ನೂರು ಲಿಂಕ್ ಇದ್ದರೂ ಡೇಟಾ ಮೆನುವಿನ ಎಡಿಟ್ ಲಿಂಕ್ಸ್ (ಹೊಸ ಆವೃತ್ತಿಗಳಲ್ಲಿ ವರ್ಕ್‌ಬುಕ್ ಲಿಂಕ್ಸ್) ಅವುಗಳಲ್ಲಿ ಒಂದನ್ನೂ ತೋರಿಸುವುದಿಲ್ಲ. ಅಲ್ಲಿ ಬರುವುದು ಬೇರೆ ಫೈಲ್‌ಗಳಿಗೆ ಕೊಟ್ಟ ಲಿಂಕ್ ಮಾತ್ರ. 1993ರ ಎಕ್ಸೆಲ್ 5ರಲ್ಲಿ ಒಂದೇ ಫೈಲ್‌ನೊಳಗೆ ಹಲವು ಶೀಟ್‌ಗಳ ಟ್ಯಾಬ್ ಬಂತು. ಅದಕ್ಕೂ ಮೊದಲು ಸಾಮಾನ್ಯವಾಗಿ ಒಂದು ಶೀಟ್ ಅಂದರೆ ಒಂದು ಫೈಲ್. ಆಗ ಶೀಟ್ ಲಿಂಕ್, ಫೈಲ್ ಲಿಂಕ್ ಅಂತ ಬೇರೆ ಮಾಡಿ ಹೇಳುವ ಅಗತ್ಯ ಅಷ್ಟಾಗಿ ಇರಲಿಲ್ಲ.

ಬೇರೆ ಫೈಲ್‌ಗೆ ಲಿಂಕ್ ಇದ್ದರೆ ಎಕ್ಸೆಲ್ ಕೊನೆಯ ಸಲ ಓದಿದ ಬೆಲೆಯನ್ನು ತನ್ನಲ್ಲೇ ಇಟ್ಟುಕೊಂಡಿರುತ್ತದೆ. ಮೂಲ ಫೈಲ್ ಸಿಗದಿದ್ದರೂ ಅಂಕಿ ಕಾಣುವುದು ಅದಕ್ಕೇ. ಕಾಣುತ್ತಿದೆ ಅಂದ ಮಾತ್ರಕ್ಕೆ ಅದು ಇವತ್ತಿನದು ಅಂತಲ್ಲ. ಫೈಲ್ ತೆರೆದಾಗ ಅಪ್‌ಡೇಟ್ ಮಾಡಲೇ ಅಂತ ಎಚ್ಚರಿಕೆ ಬರುತ್ತದಲ್ಲ, ಆ ಕಿರಿಕಿರಿ ತಪ್ಪಿಸಲು ಕೆಲವರು ಬ್ರೇಕ್ ಲಿಂಕ್ ಒತ್ತಿಬಿಡುತ್ತಾರೆ. ಆಗ ಆ ಫೈಲ್‌ಗೆ ಹೋಗುವ ಫಾರ್ಮುಲಾಗಳೆಲ್ಲ ಬರೀ ಅಂಕಿಗಳಾಗುತ್ತವೆ, ಅನ್‌ಡೂ ಕೂಡ ಕೆಲಸ ಮಾಡುವುದಿಲ್ಲ. ಮೂಲ ಫೈಲ್ ಬೇರೆ ಫೋಲ್ಡರ್‌ಗೆ ಹೋಗಿದ್ದರೆ ಒತ್ತಬೇಕಾದ್ದು ಅಲ್ಲೇ ಇರುವ ಚೇಂಜ್ ಸೋರ್ಸ್.