ಫೇಸ್‌ಲಿಫ್ಟ್: ಎಳೆಯುವುದು ಚರ್ಮವನ್ನೋ, ಒಳಪದರವನ್ನೋ?

ಈಗೀಗ ಫೇಸ್‌ಲಿಫ್ಟ್, ಅಂದರೆ ಜೋತುಬಿದ್ದ ಮುಖವನ್ನು ಎತ್ತಿ ಬಿಗಿ ಮಾಡುವ ಆಪರೇಷನ್, ಬೇಕೆಂದು ಬರುವವರು ಆಪರೇಷನ್ನಿನ ಹೆಸರನ್ನೂ ಆರಿಸಿಕೊಂಡೇ ಬರುತ್ತಾರೆ. "ಡಾಕ್ಟ್ರೇ, ನನಗೆ ಡೀಪ್ ಪ್ಲೇನೇ ಮಾಡಿ." ರೀಲ್ಸ್ ನೋಡಿರುತ್ತಾರೆ, ಅಲ್ವಾ? ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಹೆಸರಿಗಿಂತ ಮೊದಲು ಕೇಳಬೇಕಾದ್ದು ಬೇರೆ: ಎಳೆತದ ಭಾರ ಯಾವ ಪದರದ ಮೇಲೆ ಬೀಳುತ್ತದೆ?

ಕೆನ್ನೆಯ ಚರ್ಮದ ಕೆಳಗೆ ಕೊಬ್ಬು, ಅದರ ಕೆಳಗೆ ಸ್ಮಾಸ್ ಎಂಬ ತೆಳುವಾದ ಗಟ್ಟಿ ಪದರ. ಕೆಳಗಡೆ ಇದು ಕುತ್ತಿಗೆಯ ಪ್ಲಾಟಿಸ್ಮಾ ಸ್ನಾಯುವಿನ ಜೊತೆ ಕೂಡಿಕೊಂಡಿರುತ್ತದೆ. 1976ರಲ್ಲಿ ಫ್ರಾನ್ಸಿನ ಮಿಟ್ಜ್ ಮತ್ತು ಪೇರೋನಿ ಇದನ್ನು ಸರಿಯಾಗಿ ವಿವರಿಸಿದರು. ಹಳೆಯ ಕಾಲದ ಫೇಸ್‌ಲಿಫ್ಟ್‌ನಲ್ಲಿ ಬರೀ ಚರ್ಮ ಎಳೆದು ಹೊಲಿಯುತ್ತಿದ್ದರು. ಕುಸಿದ ಹಾಸಿಗೆಯ ಮೇಲೆ ಬೆಡ್‌ಶೀಟ್ ಬಿಗಿ ಮಾಡಿದ ಹಾಗೆ. ಚರ್ಮಕ್ಕೆ ಹಿಗ್ಗುವ ಗುಣ ಇದೆ, ಸ್ವಲ್ಪ ಕಾಲಕ್ಕೆ ಮತ್ತೆ ಸಡಿಲವಾಗುತ್ತದೆ. ಎಳೆತ ಜಾಸ್ತಿಯಾದರೆ ಗಾಯದ ಗೆರೆ ಅಗಲವಾಗುತ್ತದೆ, ಕಿವಿಯ ಹಾಲೆ ಕೆಳಕ್ಕೆ ಜಗ್ಗಿದಂತೆ ಕಾಣುತ್ತದೆ.

ಸ್ಮಾಸ್ ಅನ್ನು ಮಡಚಿ ಹೊಲಿದರೆ ಪ್ಲೈಕೇಷನ್. ಅದರ ಒಂದು ಪಟ್ಟಿ ಕತ್ತರಿಸಿ ತೆಗೆದು ಅಂಚು ಕೂಡಿಸಿದರೆ ಸ್ಮಾಸೆಕ್ಟಮಿ. ಬೆಲ್ಜಿಯಂನ ಟೊನಾರ್ ಮತ್ತು ವೆರ್ಪೇಲೆ ರೂಪಿಸಿದ ಮ್ಯಾಕ್ಸ್ ಲಿಫ್ಟ್‌ನಲ್ಲಿ ಗಟ್ಟಿ ದಾರದ ಕುಣಿಕೆ ಹಾಕಿ ಮೇಲಕ್ಕೆ ಎತ್ತುತ್ತಾರೆ. ಗಾಯ ಚಿಕ್ಕದು, ಹೆಚ್ಚಾಗಿ ಕಿವಿಯ ಮುಂದೆ ಮಾತ್ರ. ಕುತ್ತಿಗೆಯ ಚರ್ಮ ತುಂಬಾ ಜೋತುಬಿದ್ದಿದ್ದರೆ ನಾನು ಇದನ್ನು ಆರಿಸುವುದಿಲ್ಲ.

ಇನ್ನು ಎಲ್ಲರೂ ಕೇಳುವ ಡೀಪ್ ಪ್ಲೇನ್. ಅಮೆರಿಕದ ಸ್ಯಾಮ್ ಹ್ಯಾಮ್ರಾ 1990ರಲ್ಲಿ ಪ್ರಕಟಿಸಿದ ವಿಧಾನ ಇದು. ಕೆನ್ನೆಯಲ್ಲಿ ಚರ್ಮ ಮತ್ತು ಸ್ಮಾಸ್ ಬೇರೆ ಮಾಡದೆ ಒಟ್ಟಿಗೇ ಎತ್ತುತ್ತೇವೆ. ಕೆನ್ನೆಯನ್ನು ಒಳಗೆ ಕಟ್ಟಿಹಾಕಿರುವ ಲಿಗಮೆಂಟುಗಳನ್ನು ಬಿಡಿಸುತ್ತೇವೆ. ಆಗ ಕೆನ್ನೆ ಇಡಿಯಾಗಿ ಮೇಲೆ ಬರುತ್ತದೆ, ಚರ್ಮದ ಮೇಲೆ ಎಳೆತವೇ ಇರುವುದಿಲ್ಲ ಅನ್ನಬಹುದು. ಚರ್ಮಕ್ಕೆ ರಕ್ತ ಪೂರೈಕೆಯೂ ಚೆನ್ನಾಗಿ ಉಳಿಯುತ್ತದೆ. ಆದರೆ ಮುಖ ಅಲ್ಲಾಡಿಸುವ ಫೇಷಿಯಲ್ ನರದ ಕವಲುಗಳು ಆ ಪದರದ ಕೆಳಗೇ ಹಾದುಹೋಗುತ್ತವೆ. ಅಲ್ಲಿ ಕೈ ಪಳಗಿರಲೇಬೇಕು.

ಹಾಗಾದರೆ ಯಾವುದು ಮೇಲು? 2009ರಲ್ಲಿ ಒಂದು ಸ್ವಾರಸ್ಯದ ವರದಿ ಬಂತು. ತದ್ರೂಪಿ ಅವಳಿಗಳ ಎರಡು ಜೋಡಿ, ನಾಲ್ವರು ಸರ್ಜನ್‌ಗಳು, ನಾಲ್ಕು ವಿಧಾನ. ಅವರಲ್ಲಿ ಹ್ಯಾಮ್ರಾ ಕೂಡ ಒಬ್ಬರು. ಹತ್ತು ವರ್ಷದ ನಂತರದ ಫೋಟೋಗಳನ್ನೂ ಅದರಲ್ಲಿ ಕೊಟ್ಟಿದ್ದಾರೆ. ನಾಲ್ಕೇ ಮುಖ ನೋಡಿ ತೀರ್ಪು ಕೊಡಲಾಗದು ನಿಜ. ಆದರೂ ಒಂದು ವಿಧಾನ ಉಳಿದವನ್ನೆಲ್ಲ ಸೋಲಿಸಿದ್ದು ನನ್ನ ಕಣ್ಣಿಗಂತೂ ಕಾಣಲಿಲ್ಲ. ಅದಕ್ಕೇ ಹೇಳುವುದು: ನಿಮ್ಮ ಡಾಕ್ಟರು ದಿನವೂ ಮಾಡುವ ವಿಧಾನ ಯಾವುದು ಕೇಳಿ. ನಿಮಗೋಸ್ಕರ ಹೊಸದೊಂದನ್ನು ಪ್ರಯತ್ನಿಸುವುದು ಬೇಡ.

ನಮ್ಮವರಲ್ಲಿ ಸಣ್ಣ ಸುಕ್ಕು ತಡವಾಗಿ ಬರುತ್ತದೆ. ದವಡೆ ಅಂಚಿನ ಜೋಲೇ ಹೆಚ್ಚಿನ ದೂರು. ಗಾಯದ ಗೆರೆ ಕಪ್ಪಾಗುವುದು, ದಪ್ಪಗಾಗುವುದು ಕೂಡ ನಮ್ಮ ಚರ್ಮದಲ್ಲಿ ಜಾಸ್ತಿ. ಜಡೆ, ತುರುಬು ಕಟ್ಟುವವರಿಗೆ ಕಿವಿಯ ಹಿಂದಿನ ಗೆರೆ ಬಯಲಾಗುತ್ತದೆ. ಹಾಗಾಗಿ ಕೂದಲು ಹೇಗೆ ಕಟ್ಟುತ್ತೀರಿ ಎಂದು ಮೊದಲೇ ಕೇಳುತ್ತೇನೆ. ಗಂಡಸರಲ್ಲಿ ಗಡ್ಡ ಬೆಳೆಯುವ ಚರ್ಮ ಕಿವಿಯ ಹತ್ತಿರಕ್ಕೆ ಸರಿಯುತ್ತದೆ, ಅದನ್ನೂ ಹೇಳಿಬಿಡಬೇಕು.

ಯಾವ ವಿಧಾನಕ್ಕೂ ತಪ್ಪದ ಅಪಾಯ ಎಂದರೆ ಚರ್ಮದಡಿ ರಕ್ತ ಕಟ್ಟುವುದು. ಸಾಮಾನ್ಯವಾಗಿ ಮೊದಲ 24 ಗಂಟೆಯೊಳಗೆ, ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು. ಬಿಪಿ ಹತೋಟಿಯಲ್ಲಿರಬೇಕು. ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದರೆ ತಾವಾಗಿಯೇ ನಿಲ್ಲಿಸದೆ ಹೃದಯದ ಡಾಕ್ಟರನ್ನು ಕೇಳಬೇಕು. ಸಿಗರೇಟು ಬಿಡದವರಿಗೆ ನಾನು ತಾರೀಖು ಕೊಡುವುದಿಲ್ಲ. ಕಿವಿಯ ಹಿಂದಿನ ಚರ್ಮ ರಕ್ತ ಸಿಗದೆ ಕಪ್ಪಗಾಗಿ ಸತ್ತುಹೋಗಬಹುದು.

ಎರಡು ಮೂರು ವಾರ ಊತ, ನೀಲಿ ಕಲೆ ಇರುತ್ತದೆ. ಕೆನ್ನೆಯ ಮರಗಟ್ಟುವಿಕೆ ತಿಂಗಳುಗಟ್ಟಲೆ ಉಳಿಯಬಹುದು. ಮಗಳ ಮದುವೆ ಮುಂದಿನ ತಿಂಗಳು ಇದೆ ಎಂದು ಬರುವವರಿಗೆ, ಮದುವೆ ಮುಗಿಸಿಕೊಂಡು ನಿಧಾನಕ್ಕೆ ಬನ್ನಿ ಎನ್ನುತ್ತೇನೆ.